ಊರು ಗೊತ್ತಿಲ್ಲದ ತಂಗಿ

ಕ್ಲಾಸ್ ಟೀಚರ್ ಕಳಿಸಿದ ಚೀಟಿಯಲ್ಲಿ ಎರಡೇ ಸಾಲು ಇದ್ದವು. ‘ಎಂಟನೇ ತರಗತಿ, ಬಿ ವಿಭಾಗ. ಮೊಬೈಲ್ ಗೀಳು, ತರಗತಿಯಲ್ಲಿ ನಿದ್ದೆ, ಈಚೆಗೆ ಮೇಲಿಂದ ಮೇಲೆ ಗೈರು, ದಯವಿಟ್ಟು ವಿಚಾರಿಸಿ.’ ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ನಮ್ಮ ಶಾಲೆಯ ಮಕ್ಕಳು ಬರುವುದು ಹೀಗೆಯೇ, ಒಂದು ಚೀಟಿ ಹಿಡಿದುಕೊಂಡು. ಆ ವರ್ಷ ಬಂದ ಚೀಟಿಗಳಲ್ಲಿ ಹೆಚ್ಚಿನವುಗಳ ಮೇಲೆ ಮೊಬೈಲ್ ಎಂಬ ಪದ ಇದ್ದೇ ಇರುತ್ತಿತ್ತು. ಹಾಗಾಗಿ ಇದನ್ನೂ ಫೈಲಿಗೆ ಸೇರಿಸಿ, ಮಾಮೂಲಿನಂತೆ ಮಂಗಳವಾರ ಮೂರನೇ ಪೀರಿಯಡ್ಡಿಗೆ ಅವಳನ್ನು ಕರೆಸಿದೆ.

ಸಣಕಲು ಹುಡುಗಿ. ಹದಿಮೂರು ತುಂಬಿತ್ತು, ನೋಡಿದರೆ ಹನ್ನೊಂದು ಅನ್ನಬಹುದು. ಎರಡೂ ಕೈಯ ಉಗುರುಗಳನ್ನು ಬುಡದ ತನಕ ಕಚ್ಚಿಕೊಂಡಿದ್ದಳು. ಕುರ್ಚಿಯಲ್ಲಿ ನೆಟ್ಟಗೆ ಕೂರದೆ ಬಾಗಿಲಿನ ಕಡೆಗೆ ಓರೆಯಾಗಿ ಕೂತಳು. ನನ್ನ ಕೋಣೆ ಎಂದರೆ ಆಟದ ಸಾಮಾನಿನ ಕೋಣೆಯ ಅರ್ಧ ಭಾಗ. ಪ್ಲೈವುಡ್ಡಿನ ತಡಿಕೆಯ ಆಚೆ ಪಿ.ಟಿ. ಮೇಷ್ಟ್ರು ಚೆಂಡುಗಳಿಗೆ ಗಾಳಿ ಹೊಡೆಯುವ ಸದ್ದು ಕೇಳುತ್ತಿರುತ್ತದೆ. ಆ ದಿನ ಇಡೀ ನಲವತ್ತು ನಿಮಿಷ ಆ ಸದ್ದನ್ನೇ ನಾವಿಬ್ಬರೂ ಕೇಳಿಸಿಕೊಂಡೆವು. ಅವಳು ಆಡಿದ್ದು ಮೂರು ಮಾತು: ‘ಹೂಂ ಮಿಸ್’, ‘ಇಲ್ಲ ಮಿಸ್’, ‘ಹೋಗ್ಲಾ ಮಿಸ್?’

ಎರಡನೇ ವಾರ ಅವಳ ತಾಯಿಯನ್ನು ಕರೆಸಿದೆ. ಸರಸ್ವತಿಪುರಂನಲ್ಲಿ ತಮ್ಮ ಮನೆಯ ಕೆಳಗಿನ ಭಾಗದಲ್ಲೇ ಆಕೆ ಟ್ಯುಟೋರಿಯಲ್ ಹುಡುಗರಿಗೆ ಊಟದ ಮೆಸ್ ನಡೆಸುತ್ತಿದ್ದರು. ಬೆಳಗಿನ ಐದಕ್ಕೆ ಒಲೆ ಹಚ್ಚಿದರೆ ಅದು ಆರುವುದು ಮೆಸ್ ಮುಚ್ಚಿದ ಮೇಲೆ. ತಂದೆ ಊರೂರಿಗೆ ಹೋಗುವ ಬಸ್ಸಿನ ಡ್ರೈವರ್. ಒಂದು ದಿನ ಮನೆಯಲ್ಲಿದ್ದರೆ ಎರಡು ದಿನ ದಾರಿಯಲ್ಲಿ.

‘ಮೇಲ್ಗಡೆ ರೂಮಲ್ಲಿ ಒಬ್ಳೇ ಇರ್ತಾಳೆ ಮೇಡಂ,’ ಎಂದರು ತಾಯಿ. ‘ಸದ್ದು ಗದ್ದಲ ಏನಿಲ್ಲ. ಓದ್ಕೊತಾವ್ಳೆ ಅಂದ್ಕೊಂಡಿದ್ದೆ. ಕೊರೋನಾ ಟೈಮಲ್ಲಿ ಆನ್‌ಲೈನ್ ಕ್ಲಾಸ್‌ಗೆ ಅಂತ ನಮ್ಮೆಜಮಾನ್ರ ಹಳೇ ಫೋನ್ ಕೊಟ್ಟಿದ್ವಿ, ಅದು ಅವಳ ಹತ್ರಾನೇ ಉಳ್ಕಂಬುಡ್ತು. ಈಗ ಕಿತ್ಕೊಂಡ್ರೆ ಊಟಾನೇ ಬುಡ್ತಾಳೆ ಕಣ್ರೀ. ನಾನು ಅಡ್ಗೆ ನೋಡ್ಲಾ, ಇವ್ಳನ್ನ ನೋಡ್ಲಾ, ನೀವೇ ಹೇಳಿ.’

ಫೋನ್ ಸದ್ಯಕ್ಕೆ ಅವಳ ಬಳಿಯೇ ಇರಲಿ, ಒಂದು ವಾರದ ಲೆಕ್ಕ ಮೊದಲು ನೋಡೋಣ ಎಂದೆ.

ಇದಕ್ಕೆ ನಾನು ಬಳಸುವುದು ಒಂದು ಸಾದಾ ಹಾಳೆ. ದಿನಕ್ಕೊಂದು ಸಾಲು, ಗಂಟೆಗೊಂದು ಚೌಕ. ಫೋನ್ ಕೈಯಲ್ಲಿದ್ದ ಹೊತ್ತಿಗೆ ಕೆಂಪು ಬಣ್ಣ ಹಚ್ಚಬೇಕು, ನಿದ್ದೆಗೆ ನೀಲಿ. ಮಕ್ಕಳು ಮೊದಲೆರಡು ದಿನ ಸುಳ್ಳು ತುಂಬುತ್ತಾರೆ, ಆಮೇಲೆ ಬೇಜಾರಾಗಿ ನಿಜ ತುಂಬುತ್ತಾರೆ. ಆಟದ ಚಟವಿರುವ ಮಕ್ಕಳ ಹಾಳೆಯಲ್ಲಿ ಕೆಂಪು ಉದ್ದುದ್ದಕ್ಕೆ ಪಟ್ಟಿಯಂತೆ ಕಾಣುತ್ತದೆ, ವೀಡಿಯೊ ನೋಡುವವರದ್ದೂ ಅಷ್ಟೆ. ನಾಲ್ಕನೇ ದಿನಕ್ಕೇ ಅವಳು ತಂದುಕೊಟ್ಟ ಹಾಳೆ ಹಾಗಿರಲಿಲ್ಲ. ಪಟ್ಟಿ ಎಲ್ಲೂ ಇಲ್ಲ. ಪ್ರತಿ ಚೌಕದೊಳಗೂ ನಾಲ್ಕೈದು ಸಣ್ಣ ಕೆಂಪು ಗೀಟು. ನೀಲಿಯ ನಡುವೆಯೂ ಕೆಂಪು ಗೀಟು. ಆ ನಾಲ್ಕು ದಿನಗಳಲ್ಲಿ ಅವಳು ಶಾಲೆಗೆ ಬಂದಿದ್ದು ಎರಡೇ ದಿನ. ಆ ಎರಡು ದಿನಗಳ ಶಾಲೆಯ ಹೊತ್ತಿನ ಚೌಕಗಳಲ್ಲಿ ಬಣ್ಣವಿರಲಿಲ್ಲ, ಪೆನ್ಸಿಲಿನಲ್ಲಿ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಇತ್ತು.

‘ಇದೇನಮ್ಮ?’ ಎಂದು ಕೇಳಿದೆ.

‘ಆವಾಗ ಏನಾಗಿದ್ಯೋ ಗೊತ್ತಾಗಲ್ಲ ಮಿಸ್.’

‘ಯಾರಿಗೆ ಏನಾಗಿದೆ?’

ಅವಳು ಬಾಗಿಲು ನೋಡಿದಳು. ‘ನೀವು ಯಾರಿಗೂ ಹೇಳಲ್ಲ ಅಲ್ವಾ?’ ಎಂದಳು.

ಈ ಪ್ರಶ್ನೆಗೆ ನಾವು ಕೊಡಬೇಕಾದ ಉತ್ತರ ನಿಗದಿಯಾಗಿದೆ. ನಾನೂ ಅದನ್ನೇ ಕೊಟ್ಟೆ. ‘ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ಪ್ರಾಣಕ್ಕೆ ಅಪಾಯ ಇದೆ ಅಂತ ಅನ್ನಿಸಿದ್ರೆ ಮಾತ್ರ ದೊಡ್ಡವರಿಗೆ ಹೇಳಬೇಕಾಗುತ್ತೆ. ಹೇಳೋಕೆ ಮುಂಚೆ ನಿನಗೆ ತಿಳಿಸ್ತೀನಿ.’

‘ನನ್ನ ಪ್ರಾಣಕ್ಕಾ?’

‘ಯಾರದೇ ಆದ್ರೂ.’

ಆ ದಿನ ಅವಳು ಅಷ್ಟಕ್ಕೇ ಎದ್ದು ತರಗತಿಗೆ ಹೋದಳು. ಮಾರನೇ ದಿನ ಚೀಟಿಯಿಲ್ಲದೆ, ತಾನಾಗಿಯೇ ಊಟದ ಬಿಡುವಿನಲ್ಲಿ ಬಂದಳು. ಈ ಮಾತನ್ನು ನಾನು ಮರೆಯಬಾರದು. ನಾನು ಹೇಳಬೇಕಾಗುತ್ತದೆ ಎಂದು ಗೊತ್ತಿದ್ದೇ ಅವಳು ಬಂದಳು.

ಅವಳು ಹೇಳಿದ್ದಿಷ್ಟು. ಅಪರಿಚಿತರು ಸೇರಿ ಮಾತಾಡುವ ಒಂದು ಆಪ್ ಇದೆ. ಮುಖ ಕಾಣುವುದಿಲ್ಲ, ಧ್ವನಿ ಮಾತ್ರ. ಅದರಲ್ಲಿ ಮಕ್ಕಳು ಮನೆ ಕಟ್ಟಿಕೊಳ್ಳುತ್ತಾರೆ. ಒಬ್ಬರು ಅಮ್ಮ, ಒಬ್ಬರು ಅಣ್ಣ, ಹೀಗೆ. ಇವಳಿದ್ದ ಮನೆಯಲ್ಲಿ ಐದು ಜನ. ಆ ಮನೆ ಕಟ್ಟಿದವಳನ್ನು ಎಲ್ಲರೂ ‘ಅಮ್ಮ’ ಎನ್ನುತ್ತಿದ್ದರು, ಆಕೆಗೂ ಹದಿನೇಳಿರಬಹುದು. ಇವಳು ಅಲ್ಲಿ ದೊಡ್ಡಕ್ಕ. ಏಳನೇ ತರಗತಿಯಲ್ಲಿ ಜೊತೆಗಿದ್ದ ಒಬ್ಬಳೇ ಗೆಳತಿ ಬೇರೆ ಶಾಲೆಗೆ ಹೋದಮೇಲೆ ಇವಳಿಗೆ ಮಾತಾಡಲು ಸಿಕ್ಕಿದ್ದು ಆ ಮನೆ. ಶಾಲೆಯಲ್ಲಿ ಕಲಿತ ಪಾಠವನ್ನು ಅಲ್ಲಿ ತಮ್ಮನಾದವನಿಗೆ ಹೇಳಿಕೊಡುತ್ತಿದ್ದಳಂತೆ. ಹಬ್ಬದ ದಿನ ಎಲ್ಲರೂ ತಂತಮ್ಮ ಊಟ ಏನೆಂದು ಹೇಳುತ್ತಿದ್ದರಂತೆ. ಅದನ್ನು ಹೇಳುವಾಗ ಅವಳು ಮೊದಲ ಬಾರಿಗೆ ನನ್ನ ಕಡೆ ತಿರುಗಿ ಕೂತಳು.

ಆ ಮನೆಗೆ ನಾಲ್ಕು ತಿಂಗಳ ಹಿಂದೆ ಒಬ್ಬಳು ತಂಗಿ ಬಂದಿದ್ದಳು. ಉತ್ತರದ ಕಡೆಯ ಮಾತು. ಚಿಕ್ಕಮ್ಮನ ಮನೆಯಲ್ಲಿರುತ್ತಾಳೆ. ಊರು ಹೇಳುವುದಿಲ್ಲ, ಹೆಸರು ಹೇಳುವುದಿಲ್ಲ. ಅವಳು ಇವಳೊಬ್ಬಳ ಹತ್ತಿರ ಮಾತ್ರ ಬೇರೆಯಾಗಿ ಮಾತಾಡಲು ಶುರು ಮಾಡಿದಳು. ಬದುಕುವುದು ಬೇಡ ಅನ್ನಿಸುತ್ತದೆ ಎಂದು ಹೇಳಿದಳು. ನೀನು ಮಾತಾಡುತ್ತಿರುವಷ್ಟು ಹೊತ್ತು ಏನೂ ಮಾಡಿಕೊಳ್ಳುವುದಿಲ್ಲ ಎಂದೂ ಹೇಳಿದಳು.

ಅಲ್ಲಿಂದ ಈ ಹುಡುಗಿ ಕಾವಲು ಕೂತಿದ್ದಳು. ಹತ್ತು ನಿಮಿಷಕ್ಕೊಮ್ಮೆ ‘ಇದೀಯಾ?’ ಎಂದು ಕೇಳುವುದು, ‘ಅದೀನಿ’ ಎಂಬ ಉತ್ತರ ಬಂದರೆ ಮುಂದಿನ ಹತ್ತು ನಿಮಿಷ ಉಸಿರಾಡುವುದು. ಹಾಳೆಯ ಮೇಲಿದ್ದ ಕೆಂಪು ಗೀಟುಗಳೆಲ್ಲ ಅವೇ. ಶಾಲೆಗೆ ಫೋನ್ ತರುವಂತಿಲ್ಲವಾದ್ದರಿಂದ ಶಾಲೆಯನ್ನೇ ಬಿಟ್ಟಿದ್ದಳು.

ನಮ್ಮ ಚೀಟಿಯ ಮೇಲೆ ಇದಕ್ಕೆ ಬರೆದಿದ್ದ ಹೆಸರು ಗೀಳು.

ಅವಳಿಗೇ ಒಂದು ಪ್ರಶ್ನಾವಳಿ ಕೊಟ್ಟು ನೋಡಿದೆ. ನಿದ್ದೆ, ಹಸಿವು, ಮನಸ್ಸಿನ ಭಾರ, ಎಲ್ಲದರಲ್ಲೂ ಉತ್ತರಗಳು ಕೆಟ್ಟದಾಗಿದ್ದವು. ನನಗೆ ಕಷ್ಟದ ಪ್ರಕರಣಗಳಲ್ಲಿ ದಾರಿ ಹೇಳುವ ಒಬ್ಬ ಮಕ್ಕಳ ಮನೋವೈದ್ಯೆ ಇದ್ದಾರೆ. ಅವರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿ, ‘ಆ ಮಗುವನ್ನ ಕಾಯೋ ಕೆಲಸ ತನ್ನದಲ್ಲ ಅಂತ ಇವಳಿಗೆ ಗೊತ್ತಾಗಬೇಕು. ಆದ್ರೆ ಫೋನನ್ನ ಒಂದೇ ಸಲಕ್ಕೆ ಕಿತ್ಕೋಬೇಡಿ. ಹೊರೆಯನ್ನ ನಿಧಾನವಾಗಿ ದೊಡ್ಡವರ ಕೈಗೆ ದಾಟಿಸಿ’ ಎಂದರು. ಹೇಗೆ ದಾಟಿಸುವುದು ಎಂಬುದನ್ನು ನಾವಿಬ್ಬರೂ ಕೂಡಿ ಬರೆದುಕೊಂಡೆವು.

ಮೊದಲನೆಯದು ಹೊತ್ತು ಗೊತ್ತುಮಾಡುವುದು. ನಾನೂ ಹುಡುಗಿಯೂ ಕೂತು ತಂಗಿಗೆ ಕಳಿಸಬೇಕಾದ ಮಾತುಗಳನ್ನು ಒಂದೊಂದಾಗಿ ತಿದ್ದಿದೆವು. ‘ನಾನು ಸ್ಕೂಲಿಗೆ ಹೋಗಬೇಕು. ಬೆಳಿಗ್ಗೆ ಏಳಕ್ಕೆ ಮಾತಾಡ್ತೀನಿ, ಸಂಜೆ ಐದಕ್ಕೆ ಮಾತಾಡ್ತೀನಿ. ನಡುವೆ ನಾನು ಇಲ್ಲ ಅಂದ್ರೆ ನಿನ್ನ ಬಿಟ್ಟಿದೀನಿ ಅಂತ ಅಲ್ಲ.’ ‘ಬಿಟ್ಟಿದೀನಿ ಅಂತ ಅಲ್ಲ’ ಎಂಬುದು ಅವಳೇ ಸೇರಿಸಿದ ಸಾಲು. ಎರಡನೆಯದು, ಮಕ್ಕಳ ಸಹಾಯವಾಣಿಯೊಂದರ ನಂಬರನ್ನು ತಂಗಿಗೆ ತಲುಪಿಸುವುದು.

ನಂಬರಿಗೆ ಬಂದ ಉತ್ತರವನ್ನು ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದು ತಂದು ನನಗೆ ಓದಿ ಹೇಳಿದಳು. ‘ನಾ ಯಾರಿಗೂ ಫೋನ್ ಮಾಡಂಗಿಲ್ಲ ಅಕ್ಕಾ. ನೀ ಅದಿ ಅಲ್ಲ, ಸಾಕು.’

ನಾನೇ ಆ ಸಹಾಯವಾಣಿಗೆ ಮಾತಾಡಿದೆ. ಫೋನ್ ಎತ್ತಿದ ಹೆಂಗಸು ತಾಳ್ಮೆಯಿಂದ ಎಲ್ಲವನ್ನೂ ಬರೆದುಕೊಂಡಳು. ಕೊನೆಗೆ, ‘ಮೇಡಂ, ಜಿಲ್ಲೆ ಯಾವುದು ಅಂತಾದ್ರೂ ಗೊತ್ತಾದ್ರೆ ಅಲ್ಲಿನವರನ್ನ ಮನೆಗೆ ಕಳಿಸಬಹುದು. ಜಿಲ್ಲೇನೇ ಇಲ್ದೆ ಯಾರನ್ನ ಕಳಿಸ್ಲಿ?’ ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು.

ಆಮೇಲೆ ನಾವು ಊರು ಹುಡುಕಲು ಕೂತೆವು. ತಂಗಿ ಮಾತಾಡುವಾಗ ಹಿಂದಿನಿಂದ ಏನು ಕೇಳುತ್ತದೆ ಎಂದು ಹುಡುಗಿಯನ್ನು ಕೇಳಿದೆ. ರೈಲು ಕೂಗುತ್ತದೆ ಎಂದಳು, ಬೆಳಿಗ್ಗೆ ಏಳೂ ಕಾಲರ ಸುಮಾರಿಗೆ. ಹಿಟ್ಟಿನ ಗಿರಣಿಯ ಸದ್ದು ಇರುತ್ತದೆ ಎಂದಳು. ರೊಟ್ಟಿ ಬಡಿಯುವ ಸದ್ದಂತೂ ದಿನಾ. ನಾನು ನಕಾಶೆ ತೆಗೆದು, ರೈಲು ಹಾದುಹೋಗುವ ಊರುಗಳ ಮೇಲೆ ಬೆರಳಿಟ್ಟು ನೋಡಿದೆ. ಅರ್ಧ ರಾಜ್ಯಕ್ಕೇ ಹೊಂದುವ ಗುರುತುಗಳು ಅವು.

ಆದರೂ ಎಂಟು ದಿನ ಚೆನ್ನಾಗಿ ನಡೆಯಿತು. ಅವಳು ದಿನವೂ ಶಾಲೆಗೆ ಬಂದಳು. ಮೂರನೇ ದಿನ ಪ್ರಶ್ನಾರ್ಥಕ ಚಿಹ್ನೆಗಳು ಕಡಿಮೆಯಾದವು, ಆರನೇ ದಿನ ಎರಡೇ ಇದ್ದವು. ಒಂದು ಮಧ್ಯಾಹ್ನ ಅವಳು ಡಬ್ಬಿಯ ಚಿತ್ರಾನ್ನವನ್ನು ಪೂರ್ತಿ ತಿಂದಳೆಂದು ಕ್ಲಾಸ್ ಟೀಚರ್ ಬಂದು ಹೇಳಿದರು. ನನಗೂ ಒಳಗೊಳಗೇ ಹೆಮ್ಮೆಯಾಯಿತು. ವೈದ್ಯೆಗೆ ಸಂದೇಶ ಕಳಿಸಿದೆ, ಹಿಡಿತಕ್ಕೆ ಬರುತ್ತಿದೆ ಎಂದು.

ಒಂಬತ್ತನೇ ದಿನ ಬೆಳಿಗ್ಗೆ ಅವಳು ಪ್ರಾರ್ಥನೆಯ ಸಾಲಿನಿಂದ ನೇರ ನನ್ನ ಕೋಣೆಗೆ ಓಡಿ ಬಂದಳು. ಯೂನಿಫಾರ್ಮಿನ ಕೆಳಗೆ ಚಪ್ಪಲಿ. ಶೂ ಹಾಕಿಕೊಳ್ಳಲೂ ನಿಂತಿರಲಿಲ್ಲ. ಹಿಂದಿನ ದಿನ ಶಾಲೆಯ ಹೊತ್ತಿನಲ್ಲಿ ತಂಗಿ ಹನ್ನೊಂದು ಸಲ ಕರೆದಿದ್ದಳಂತೆ. ಸಂಜೆ ಐದಕ್ಕೆ ಸಿಕ್ಕಾಗ ಅಳುತ್ತಿರಲಿಲ್ಲವಂತೆ. ‘ಯಾವಾಗ್ಲೂ ಅಳ್ತಾಳೆ ಮಿಸ್. ನಿನ್ನೆ ಅಳ್ಲಿಲ್ಲ. ಈ ಸಲ ಖರೇನ ಅಕ್ಕಾ ಅಂದ್ಲು. ಅವಳ ಹತ್ರ ಒಂದು ವಾರ ಟೈಮ್ ಕೇಳಿದೀನಿ. ವಾರ ಮಾತ್ರ ಕೊಟ್ಟಿದಾಳೆ.’

ಅಳದಿರುವುದು ಎಷ್ಟು ಕೆಟ್ಟ ಲಕ್ಷಣ ಎಂಬುದು ನನಗೆ ಗೊತ್ತಿತ್ತು. ಆ ಮಗುವಿಗೂ ಹೇಗೋ ಗೊತ್ತಾಗಿತ್ತು.

ಇನ್ನು ನಾನು ಹೇಳಲೇಬೇಕು ಎಂದೆ. ನಿನ್ನ ಅಮ್ಮನಿಗೆ, ಪೊಲೀಸರಿಗೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ‘ಹೇಳಿ ಮಿಸ್. ಅವಳನ್ನ ಹುಡುಕ್ತಾರಾ?’

‘ಪ್ರಯತ್ನ ಮಾಡ್ತಾರೆ.’

‘ಹುಡುಕ್ತಾರೆ ಅಲ್ವಾ?’

‘ಹೂಂ’ ಎಂದುಬಿಟ್ಟೆ.

ಅದೇ ಬೆಳಿಗ್ಗೆ ಆಟೋ ಹಿಡಿದು ಅವಳ ಮನೆಗೆ ಹೋದೆ. ತಾಯಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಮೆಸ್ಸಿನ ಬೆಂಚಿನ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದರು. ‘ಅಯ್ಯೋ ಶಿವನೇ, ನನ್ ಮಗು ಇಷ್ಟ್ ದಿನ ಇದನ್ನ ಹೊತ್ಕಂಡಿತ್ತಾ? ನಾನು ಬೈತಿದ್ನಲ್ಲ ಮೇಡಂ, ಫೋನ್ ಮುಂಡೇದು ಅಂತ ದಿನಾ ಬೈತಿದ್ನಲ್ಲ.’ ಫೋನನ್ನು ಯಾವ ಕಾರಣಕ್ಕೂ ಕಿತ್ತುಕೊಳ್ಳಬೇಡಿ, ಆ ಮಗುವನ್ನು ತಲುಪಲು ಇರುವುದು ಅದೊಂದೇ ದಾರಿ ಎಂದು ಎರಡು ಸಲ ಹೇಳಿದೆ. ಆಕೆ ಒಪ್ಪಿದರು. ಗಂಡ ಡ್ಯೂಟಿಯಲ್ಲಿದ್ದಾರೆ, ಮಾರನೇ ದಿನ ಬರುತ್ತಾರೆ, ಬಂದಮೇಲೆ ತಾನೇ ಸಮಾಧಾನವಾಗಿ ಹೇಳುತ್ತೇನೆ ಎಂದರು. ಅದೇ ಒಳ್ಳೆಯದು ಎಂದು ನನಗೂ ತೋರಿತು.

ಮಧ್ಯಾಹ್ನ ಠಾಣೆಗೆ ಹೋದೆ. ಸೈಬರ್ ವಿಭಾಗದ ಸಬ್ ಇನ್‌ಸ್ಪೆಕ್ಟರ್ ಒಬ್ಬ ಹೆಣ್ಣುಮಗಳು. ನನ್ನನ್ನು ಕೂರಿಸಿ, ಅರ್ಜಿ ಬರೆಸಿಕೊಂಡು, ಆಪ್‌ನ ಕಂಪನಿಗೆ ಪತ್ರ ಹೋಗಬೇಕು, ಅವರು ವಿವರ ಕೊಟ್ಟರೆ ನಂಬರು, ನಂಬರಿನಿಂದ ಊರು ಸಿಗುತ್ತದೆ ಎಂದು ಬಿಡಿಸಿ ಹೇಳಿದರು. ಅದಕ್ಕೆ ಆ ತಂಗಿಯ ಖಾತೆಯ ಗುರುತು ಸರಿಯಾಗಿ ಬೇಕು, ಫೋನನ್ನೇ ನಾಳೆ ತನ್ನಿ ಎಂದರು. ‘ಸ್ಕ್ರೀನ್‌ಶಾಟ್ ಏನಾದ್ರೂ ಇದೆಯಾ ಮೇಡಂ?’

ಇರಲಿಲ್ಲ. ಮಕ್ಕಳ ಫೋನನ್ನು ನಾವು ಮುಟ್ಟುವಂತಿಲ್ಲ, ಅದರ ಚಿತ್ರ ತೆಗೆಯುವಂತಿಲ್ಲ ಎಂಬ ನಿಯಮ ನಮಗಿದೆ. ಒಳ್ಳೆಯ ನಿಯಮವೇ. ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಿದ್ದ ಆ ಖಾತೆಯ ಹೆಸರನ್ನು ಕೊಟ್ಟೆ. ಇಂಗ್ಲಿಷ್ ಅಕ್ಷರಗಳ ನಡುವೆ ಎರಡು ಹೃದಯದ ಚಿಹ್ನೆ, ಕೊನೆಯಲ್ಲಿ ಅಂಕಿಗಳು. ಅಂಕಿಗಳು ನಾಲ್ಕಿದ್ದವೋ ಐದಿದ್ದವೋ ಎಂದು ಅವಳಿಗೇ ಅನುಮಾನವಿತ್ತು. ಅರ್ಜಿಯಲ್ಲಿ ಸಂಪರ್ಕಕ್ಕೆಂದು ನನ್ನ ನಂಬರು ಬರೆದೆ, ಅದರ ಕೆಳಗೆ ಹುಡುಗಿಯ ಫೋನಿನ ನಂಬರನ್ನೂ ಬರೆದೆ. ಆ ಸಿಮ್ ತಂದೆಯ ಹೆಸರಿನಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಬಗ್ಗೆ ಯೋಚಿಸಲಿಲ್ಲ.

ಸಂಜೆ ಠಾಣೆಯಿಂದ, ವಿಳಾಸ ಖಚಿತ ಮಾಡಿಕೊಳ್ಳಲು, ಸಿಮ್ ಯಾರ ಹೆಸರಿನಲ್ಲಿತ್ತೋ ಅವರ ಇನ್ನೊಂದು ನಂಬರಿಗೆ ಒಬ್ಬ ಸಿಬ್ಬಂದಿ ಫೋನ್ ಮಾಡಿದರು. ಅದು ಅವರ ಕೆಲಸ. ತಂದೆ ಆಗಷ್ಟೇ ಬಸ್ಸನ್ನು ಡಿಪೋಗೆ ತಂದು ನಿಲ್ಲಿಸಿದ್ದರು, ಡ್ಯೂಟಿ ಒಂದು ದಿನ ಮೊದಲೇ ಮುಗಿದಿತ್ತು. ಪೊಲೀಸು, ಹುಡುಗಿ, ಆತ್ಮಹತ್ಯೆ, ನಿಮ್ಮ ಸಿಮ್, ಇಷ್ಟು ಪದ ಅವರ ಕಿವಿಗೆ ಬಿದ್ದವು. ಹೆಂಡತಿ ಅವರಿಗೆ ಇನ್ನೂ ಏನನ್ನೂ ಹೇಳಿರಲಿಲ್ಲ.

ಮಾರನೇ ದಿನ ಹತ್ತು ಗಂಟೆಗೆ ಫೋನ್ ತೆಗೆದುಕೊಂಡು ಹೋಗಲೆಂದು ನಾನು ಅವರ ಮನೆಗೆ ಹೋದಾಗ ತಂದೆಯೇ ಬಾಗಿಲಲ್ಲಿದ್ದರು. ಖಾಕಿ ಶರಟು ಇನ್ನೂ ಬಿಚ್ಚಿರಲಿಲ್ಲ. ಕೂಗಾಡಲಿಲ್ಲ. ಕೈ ಮುಗಿದರು.

‘ಮೇಡಂ, ನಿಮ್ ಕಾಲಿಗ್ ಬೀಳ್ತೀನಿ, ನನ್ ಮಗಳನ್ನ ಇದ್ರೊಳಕ್ಕೆ ಎಳೀಬ್ಯಾಡಿ. ಯಾವುದೋ ಊರ್ನಲ್ಲಿ ಯಾರ್ದೋ ಮಗು ಏನಾರ ಮಾಡ್ಕಂಡ್ರೆ, ಕೊನೇಗೆ ಮಾತಾಡ್ದೋಳು ಇವಳು ಅಂತ ಕೇಸ್ ಆಯ್ತದೆ. ಎಣ್ ಮಗು ಕಣ್ರವ್ವ. ನಾಳೀಕೆ ಯಾರ್ ಬತ್ತರೆ ಇವಳ ಸಹಾಯಕ್ಕೆ?’

‘ಯಾವ ಕೇಸೂ ಆಗಲ್ಲ. ಇವಳು ಸಹಾಯ ಮಾಡ್ತಾ ಇರೋಳು. ಫೋನ್ ಎಲ್ಲಿದೆ?’

‘ಎಲ್ಲಾ ಕಿಲೀನ್ ಮಾಡಿಸ್ಬುಟ್ಟೆ. ಬೆಳಿಗ್ಗೇನೇ ಅಂಗಡಿ ಬಾಗ್ಲು ತೆಗೆಸಿ, ಒಂದ್ ಅಕ್ಷರಾನೂ ಉಳೀಬಾರ್ದು ಅಂತ ಹೇಳಿ ಮಾಡಿಸ್ಬುಟ್ಟೆ. ಸಿಮ್ಮೂ ಮುರ್ದಾಕ್ಬುಟ್ಟೆ.’

ಆತನ ಕೈಯಲ್ಲಿ ಫೋನ್ ಇತ್ತು. ತೆರೆದು ನೋಡಿದೆ. ಭಾಷೆ ಆರಿಸಿ ಎಂದು ಕೇಳುತ್ತಿತ್ತು, ಅಂಗಡಿಯಲ್ಲಿ ಹೊಸದಾಗಿ ಕೊಂಡ ಫೋನಿನ ಹಾಗೆ.

ಹುಡುಗಿ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ನಾನು ಅವಳ ಪಕ್ಕ ಹೋಗಿ ಕೂತೆ. ‘ಪಾಸ್‌ವರ್ಡ್ ನೆನಪಿದೆಯಾ ಪುಟ್ಟಿ?’ ಎಂದು ಕೇಳಿದೆ. ಸುಳ್ಳು ವಯಸ್ಸು ಕೊಟ್ಟು ಮಾಡಿದ ಖಾತೆ ಅದು. ಪಾಸ್‌ವರ್ಡ್ ಫೋನಿಗೇ ಗೊತ್ತಿತ್ತು, ಇವಳಿಗೆ ಗೊತ್ತಿರಲಿಲ್ಲ. ಹೊಸದನ್ನು ಕೇಳಿದರೆ ಅದು ಬರುವುದು ಮುರಿದುಹೋದ ಸಿಮ್ಮಿಗೆ.

‘ಏಳು ಗಂಟೆಗೆ ಕಾದಿರ್ತಾಳೆ’ ಎಂದಳು. ಆಗ ಹತ್ತೂವರೆ.

ಅದೇ ನಂಬರಿನ ಇನ್ನೊಂದು ಸಿಮ್ ಪಡೆಯೋಣ ಎಂದು ತಂದೆಯನ್ನು ಬೇಡಿಕೊಂಡೆ. ಅದಕ್ಕೆ ಅವರೇ ಬಂದು ಬೆರಳೊತ್ತಬೇಕು. ಪೊಲೀಸರಿಗೆ ಗೊತ್ತಿರುವ ನಂಬರು ನನಗೆ ಬೇಡವೇ ಬೇಡ ಎಂದರು. ಠಾಣೆಯ ಅಧಿಕಾರಿಯಿಂದಲೇ ಫೋನ್ ಮಾಡಿಸಿದೆ. ಆಕೆ ಎಷ್ಟು ಮೆತ್ತಗೆ ಮಾತಾಡಿದರೂ ಅತ್ತ ಕಡೆಯಿಂದ ಮಾತಾಡುತ್ತಿರುವುದು ಠಾಣೆಯೇ ತಾನೆ? ಅವರ ಹೆದರಿಕೆ ಹೆಚ್ಚಾಯಿತು. ನಾಲ್ಕು ದಿನ ದಿನಾ ಹೋದೆ. ನಾಲ್ಕನೇ ದಿನ ತಾಯಿಯ ಕಣ್ಣೀರಿಗೆ ಕರಗಿ ಅವರು ಒಪ್ಪಿದರು, ಅದೂ ಸಿಮ್ಮಿಗಲ್ಲ. ‘ನಿಮ್ ಫೋನಲ್ಲಿ, ನಿಮ್ ಮುಂದೇನೇ, ಒಂದ್ ಸಲ ನೋಡ್ಲಿ. ಆಮ್ಯಾಕೆ ಇದ್ರ ಸುದ್ದಿ ಎತ್ತಂಗಿಲ್ಲ.’

ವೈದ್ಯೆಯನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಶುಕ್ರವಾರ ಊಟದ ಬಿಡುವಿನಲ್ಲಿ ನನ್ನ ಕೋಣೆಯಲ್ಲಿ ಕೂತೆವು. ನನ್ನ ಫೋನಿಗೆ ಆ ಆಪ್ ಹಾಕಿಕೊಂಡು, ಹೊಸ ಹೆಸರಿನಲ್ಲಿ ಒಳಗೆ ಹೋದೆವು. ಕೋಣೆಗಳ ಪಟ್ಟಿಯೇ ಪಟ್ಟಿ. ಅಮ್ಮನ ಮಡಿಲು, ನಮ್ಮನೆ, ಅಕ್ಕತಂಗಿ, ಕೆಳಗೆ ಎಳೆದಷ್ಟೂ ಮುಗಿಯಲಿಲ್ಲ. ಅವಳ ಮನೆ ಕರೆಯಿಲ್ಲದೆ ಒಳಗೆ ಹೋಗುವಂಥದ್ದಲ್ಲ. ಬಾಗಿಲಲ್ಲಿ ನಿಂತು, ನಾನು ದೊಡ್ಡಕ್ಕ, ಹೊಸ ಹೆಸರಲ್ಲಿ ಬಂದಿದ್ದೇನೆ ಎಂದು ಬರೆದು ಕಾದಳು. ಹದಿನೈದು ನಿಮಿಷ. ಬೆಲ್ ಹೊಡೆಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಒಳಗೆ ಬಿಟ್ಟರು.

‘ಎಲ್ಲಿ ಹೋಗಿದ್ದೆ?’ ಎಂದಿತು ಒಂದು ಧ್ವನಿ. ಅವಳ ‘ಅಮ್ಮ’. ನನಗೆ ಕೇಳಿದ್ದು ಒಬ್ಬ ಹುಡುಗಿಯ ಧ್ವನಿ, ನೆಗಡಿಯಾಗಿತ್ತು.

‘ಫೋನ್ ಹೋಯ್ತು. ತಂಗಿ ಇದಾಳಾ?’

‘ಇಲ್ಲ ಕಣೆ. ಅವತ್ತು ಬೆಳಿಗ್ಗೆ ಬಂದು ನಿನ್ನನ್ನೇ ಕೇಳ್ತಿದ್ಲು. ಸಂಜೇನೂ ಕೇಳಿದ್ಲು. ಬರ್ತಾಳೆ ಬಿಡು ಅಂದೆ. ಮಾರನೇ ದಿನ ಅವಳ ಐಡಿ ಡಿಲೀಟ್ ಆಗಿದೆ.’

‘ಏನಾದ್ರೂ ಹೇಳಿದ್ಲಾ?’

‘ಅಕ್ಕ ಬಂದ್ರೆ ಹೇಳ್ರಿ, ನಾ ಐದು ಗಂಟಿ ಮಟ ಕಾದೆ ಅಂತ. ಅಷ್ಟೇ.’

ಬೆಲ್ ಹೊಡೆಯಿತು. ಹುಡುಗಿ ತಾನೇ ಫೋನನ್ನು ಮೇಜಿನ ಮೇಲಿಟ್ಟು ನನ್ನ ಕಡೆ ಸರಿಸಿದಳು.

ಖಾತೆ ಅಳಿಸಿದೆ ಎಂದರೆ ಅವಳ ಮನೆಯವರೂ ಫೋನ್ ಕಿತ್ತುಕೊಂಡಿರಬಹುದು, ನಿನಗೆ ಆದ ಹಾಗೆಯೇ ಅವಳಿಗೂ ಆಗಿರಬಹುದು, ಯಾರೋ ದೊಡ್ಡವರಿಗೆ ಗೊತ್ತಾಗಿ ಈಗ ನೋಡಿಕೊಳ್ಳುತ್ತಿರಬಹುದು ಎಂದೆಲ್ಲ ಹೇಳಿದೆ. ಅವೆಲ್ಲ ನಿಜವಾಗಿಯೂ ಇರಬಹುದಾದ ಸಂಗತಿಗಳೇ. ಅವಳು ಮರ್ಯಾದೆಯಿಂದ ಕೇಳಿಸಿಕೊಂಡು, ‘ಇರಬಹುದು ಮಿಸ್’ ಎಂದಳು.

ಠಾಣೆಯಿಂದ ಕಂಪನಿಗೆ ಹೋದ ಪತ್ರಕ್ಕೆ ಎರಡು ತಿಂಗಳ ನಂತರ ಉತ್ತರ ಬಂತು. ಆ ಹೆಸರಿನ ಖಾತೆ ಈಗ ಇಲ್ಲ. ಹಳೆಯ ವಿವರ ಬೇಕಿದ್ದರೆ ಹೆಸರು ಅಕ್ಷರಶಃ ಸರಿಯಿರಬೇಕು. ಅಂಕಿ ನಾಲ್ಕೋ ಐದೋ ಎಂಬಲ್ಲಿಗೆ ಅದು ನಿಂತಿತು. ಆ ಅಧಿಕಾರಿ ನನಗೆ ಫೋನ್ ಮಾಡಿ, ಆ ವಾರ ಉತ್ತರದ ಜಿಲ್ಲೆಗಳಲ್ಲಿ ವರದಿಯಾದ ಮಕ್ಕಳ ಸಾವುಗಳನ್ನು ತಾವು ನೋಡಿದ್ದಾಗಿಯೂ, ಹೊಂದುವಂಥದ್ದು ಯಾವುದೂ ಕಣ್ಣಿಗೆ ಬೀಳಲಿಲ್ಲವೆಂದೂ ಹೇಳಿದರು. ‘ಆದ್ರೆ ಮೇಡಂ, ಎಲ್ಲಾನೂ ವರದಿ ಆಗುತ್ತೆ ಅಂತ ಹೇಳಕ್ಕಾಗಲ್ಲ.’ ಇದನ್ನು ಹೇಳಬೇಕಾದ ಅಗತ್ಯ ಅವರಿಗಿರಲಿಲ್ಲ. ಹೇಳಿದ್ದಕ್ಕೆ ಕೃತಜ್ಞಳಾಗಿದ್ದೇನೆ.

ನನ್ನ ಹುಡುಗಿಯ ವಿಷಯ ಹೇಳುವುದಾದರೆ, ಅವಳು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ತರಗತಿಯಲ್ಲಿ ನಿದ್ದೆ ಮಾಡಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅಂಕಗಳೂ ಏರಿದವು. ಟ್ಯೂಷನ್ನಿನವರು ಪಾಠ ಕಳಿಸುತ್ತಾರೆಂದು ಮನೆಯಲ್ಲಿ ಫೋನ್ ಮತ್ತೆ ಕೊಟ್ಟರೆ ಮುಟ್ಟಲಿಲ್ಲವಂತೆ. ಮನೋವೈದ್ಯೆಯ ಬಳಿಗೆ ಎರಡು ಸಲ ಕರೆದುಕೊಂಡು ಹೋದರು. ಮೂರನೇ ಸಲ ತಂದೆ, ‘ಈಗ ಚೆನ್ನಾಗವ್ಳಲ್ಲ, ಯಾಕೆ ಸುಮ್ನೆ ಡಾಕ್ಟ್ರು ಗೀಕ್ಟ್ರು ಅಂತ’ ಎಂದು ನಿಲ್ಲಿಸಿದರು. ನಾನು ಹೋಗಿ ಮಾತಾಡಿದೆ. ಕಾಫಿ ಕೊಟ್ಟು ಕಳಿಸಿದರು. ಚೆನ್ನಾಗಿರುವ ಮಗುವನ್ನು ಚೆನ್ನಾಗಿಲ್ಲ ಎಂದು ತೋರಿಸಲು ನನ್ನ ಬಳಿ ಇದ್ದುದು ಒಂದು ಪ್ರಶ್ನಾವಳಿ ಮಾತ್ರ, ಅದರಲ್ಲಿ ಎಲ್ಲಕ್ಕೂ ‘ಸರಿಯಾಗಿದ್ದೇನೆ’ ಎಂದು ಗುರುತು ಹಾಕುವುದನ್ನು ಅವಳು ಕಲಿತಿದ್ದಳು. ಮಂಗಳವಾರ ಮೂರನೇ ಪೀರಿಯಡ್ಡಿಗೆ ತಪ್ಪದೆ ಬಂದು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋಗುತ್ತಿದ್ದಳು. ಅವಳು ಮನಸ್ಸು ಬಿಚ್ಚಿ ಒಂದು ಮಾತಾಡಿದ್ದು ಆ ಶುಕ್ರವಾರವೇ ಕೊನೆ ಎಂದು ನನಗೆ ಆಮೇಲೆ ಹೊಳೆಯಿತು.

ಕ್ಲಾಸ್ ಟೀಚರ್ ಸಿಕ್ಕಾಗೆಲ್ಲ, ‘ನಿಮ್ಮಿಂದ ಒಂದು ಮಗು ದಾರಿಗೆ ಬಂತು ನೋಡಿ’ ಎನ್ನುತ್ತಾರೆ. ತಾಯಿ ಒಂದು ದಿನ ಸ್ಟೀಲ್ ಡಬ್ಬಿಯಲ್ಲಿ ಹೋಳಿಗೆ ತಂದುಕೊಟ್ಟರು. ಬೇಡವೆನ್ನಲಾರದೆ ತಿಂದೆ. ನಾನು ಮಾಡಿದ್ದೆಲ್ಲ ನಿಯಮದ ಪ್ರಕಾರವೇ ಇತ್ತು, ವೈದ್ಯೆಯೂ ಹಾಗೆಂದರು. ತಂದೆ ಬರುವವರೆಗೆ ಒಂದು ದಿನ ಕಾಯಬೇಕಿತ್ತು ಎನ್ನುತ್ತದೆ ಒಂದು ಮನಸ್ಸು. ಕಾಯಲು ಹೊತ್ತಿಲ್ಲ ಎಂದು ಹೊರಟವಳೂ ನಾನೇ. ಇವೆರಡರ ನಡುವೆ ನನಗೆ ದಾರಿ ಸಿಕ್ಕಿಲ್ಲ.

ವರ್ಷದ ಕೊನೆಗೆ ಅವಳ ಫೈಲನ್ನು ಮುಚ್ಚಬೇಕಾಗಿತ್ತು. ‘ಸುಧಾರಣೆ ಕಂಡಿದೆ’ ಎಂಬ ಕಡೆ ಗುರುತು ಹಾಕಿ, ಪದ್ಧತಿಯಂತೆ ಅವಳ ಸಹಿಗೆಂದು ಕರೆಸಿದೆ. ಸಹಿ ಹಾಕಿದಳು. ಪೆನ್ನನ್ನು ಮುಚ್ಚಳ ಹಾಕಿ ವಾಪಸ್ ಕೊಟ್ಟಳು. ಹೋಗದೆ ನಿಂತಳು.

‘ಒಂದು ಕೇಳ್ಲಾ ಮಿಸ್?’

‘ಕೇಳು.’

‘ಅವಳು ಸತ್ತೋಗಿದ್ರೆ, ಅವಳಿಗೆ ಒಬ್ಬಳು ಅಕ್ಕ ಇದ್ಲು ಅಂತ ಅವರ ಮನೆಯೋರಿಗೆ ಗೊತ್ತಾಗಿರುತ್ತಾ?’

ಏನಾದರೊಂದು ಹೇಳಬಹುದಿತ್ತು. ಅಂಥ ಮಾತುಗಳು ನನ್ನ ಬಳಿ ಬೇಕಾದಷ್ಟಿವೆ, ಅದೇ ನನ್ನ ಕಸುಬು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

‘ಇಲ್ಲಮ್ಮ’ ಎಂದೆ.

ತಲೆಯಾಡಿಸಿದಳು. ಅದು ಅವಳಿಗೆ ಗೊತ್ತಿದ್ದ ಉತ್ತರವೇ ಇರಬೇಕು. ‘ಥ್ಯಾಂಕ್ಯೂ ಮಿಸ್’ ಎಂದು ಹೇಳಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಗಣಿತದ ತರಗತಿಗೆ ಹೋದಳು.